ದಾವಣಗೆರೆ ಸುತ್ತ ಜಮೀನು: ಗದ್ದೆ ತಗೋಬೇಕಾ, ಖುಷ್ಕಿ ಹೊಲಾನಾ, ಸೈಟಾ?

ದೀಪಾವಳಿಗೆ ಬಂದಿದ್ದ ನನ್ನ ಹೆಂಡತಿಯ ತಮ್ಮ ಊಟ ಮುಗಿಸಿ ಕೈ ತೊಳೆಯುವ ಮುಂಚೆಯೇ ಕೇಳಿದ, "ಭಾವ, ಊರ ಹತ್ರ ಒಂದೆರಡು ಎಕರೆ ಹಾಕಿಬಿಡೋಣ ಅಂತಿದೀನಿ. ಯಾವ ಕಡೆ ನೋಡಲಿ?" ಬೆಂಗಳೂರಿನಲ್ಲಿ ಕೆಲಸ. ಕೈಯಲ್ಲಿ ಒಂದಿಷ್ಟು ಉಳಿತಾಯ ಇದೆ. ಇನ್ನೊಂದು ಹದಿನೈದು ವರ್ಷಕ್ಕೆ ದಾವಣಗೆರೆ ಆ ಹೊಲದವರೆಗೂ ಬೆಳೆದಿರುತ್ತದೆ ಅನ್ನುವುದು ಅವನ ಲೆಕ್ಕ. ಅವನ ಜೊತೆ ಮೂರು ಭಾನುವಾರ ಸುತ್ತಿದೆ. ಹರಿಹರದ ಕಡೆ, ಆನಗೋಡು ಕಡೆ, ತೋಳಹುಣಸೆ ಕಡೆ, ಆಮೇಲೆ ಎರಡು ಲೇಔಟ್. ಇಲ್ಲಿ ಬರೆಯುತ್ತಿರುವುದು ಆ ಓಡಾಟದಲ್ಲಿ ನಾವಿಬ್ಬರೂ ಮಾತಾಡಿದ್ದು. ನಾನೇ ಹಿಂದೆ ಒಮ್ಮೆ ಎಡವಿ ಕಲಿತಿದ್ದೂ ಸೇರಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಊರು ಆ ಕಡೆ ಬರದೇ ಹೋದರೂ ಬೇಸರವಿಲ್ಲದೆ ಇಟ್ಟುಕೊಳ್ಳಬಹುದಾದ ಹೊಲ ಇದ್ದರೆ ಮಾತ್ರ ತಗೊಳ್ಳಿ. ದಾರಿ, ನೀರು, ಪತ್ರ ಈ ಮೂರೂ ಇವತ್ತಿಗೇ ಸರಿ ಇರಬೇಕು. "ಇಲ್ಲಿ ರಿಂಗ್ ರೋಡ್ ಬರುತ್ತಂತೆ", "ಅಲ್ಲಿ ವಿಮಾನ ನಿಲ್ದಾಣ ಆಗುತ್ತಂತೆ" ಎನ್ನುವ 'ಅಂತೆ'ಗೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಯಾರು ಬೇಕಾದರೂ ಕೊಳ್ಳಬಹುದಾ?

ಹೌದು. ಮುಂಚೆ ಕೃಷಿಕ ಅಲ್ಲದವರು, ಕೃಷಿ ಬಿಟ್ಟು ಬೇರೆ ಆದಾಯ ವರ್ಷಕ್ಕೆ 25 ಲಕ್ಷ ದಾಟಿದವರು ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. 1961ರ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಅಡ್ಡ ಬರುತ್ತಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದರು. ಹಾಗಂತ ಕೊಂಡ ಹೊಲದಲ್ಲಿ ಮನೆ ಕಟ್ಟಬಹುದು, ಸೈಟು ಮಾಡಿ ಮಾರಬಹುದು ಅಂತಲ್ಲ. ಅದಕ್ಕೆ ಭೂ ಪರಿವರ್ತನೆ ಆಗಬೇಕು. ಭೂ ಕಂದಾಯ ಕಾಯ್ದೆಯ 95ನೇ ಕಲಂ ಇದರದ್ದೇ. ಜಮೀನು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ನಾವೆಲ್ಲ ಕರೆಯುವ ದೂಡಾದ ವ್ಯಾಪ್ತಿಯೊಳಗಿದ್ದರೆ ಅವರ ಮಹಾಯೋಜನೆ ನಕ್ಷೆಯಲ್ಲಿ ಆ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ಅನ್ನುವುದೇ ಮುಖ್ಯ. ಹಳದಿ ಅಂದರೆ ವಸತಿ. ಹಸಿರು ಬಳಿದಿದ್ದರೆ ಪಕ್ಕದ ಹೊಲದಲ್ಲಿ ಮೂರಂತಸ್ತಿನ ಮನೆ ಎದ್ದಿದ್ದರೂ ನಿಮ್ಮದು ಹೊಲವೇ. ಈ ನಕ್ಷೆಯನ್ನು ದೂಡಾ ಆಫೀಸಿಗೆ ಹೋಗಿ ಸರ್ವೆ ನಂಬರು ಹೇಳಿ ಕಣ್ಣಾರೆ ನೋಡಬೇಕು. ದಲ್ಲಾಳಿ ಮೊಬೈಲಲ್ಲಿ ತೋರಿಸುವ ಫೋಟೋ ಲೆಕ್ಕಕ್ಕಿಲ್ಲ.

ಹರಿಹರದ ಕಡೆಯ ಗದ್ದೆ

ಊರು ಬೆಳೆಯುವ ದಿಕ್ಕು ಯಾವುದು ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಹರಿಹರದ ಕಡೆ ಕೈ ತೋರಿಸುತ್ತಾರೆ. ತಪ್ಪಿಲ್ಲ. ಎರಡೂ ಊರಿನ ನಡುವೆ 14 ಕಿಲೋಮೀಟರ್. ಪಕ್ಕದಲ್ಲೇ ಬೆಂಗಳೂರು-ಪುಣೆ ಹೆದ್ದಾರಿ, ಹಳೇ ಪಿ.ಬಿ. ರಸ್ತೆ, ರೈಲು. ದೊಡ್ಡಬಾತಿ ದಾಟಿದರೆ ಎರಡೂ ಊರು ಒಂದನ್ನೊಂದು ಮುಟ್ಟುವ ಹಾಗೆ ಕಾಣುತ್ತದೆ. ಬೆಲೆಯೂ ಇಲ್ಲೇ ಜಾಸ್ತಿ.

ಆದರೆ ಈ ಭಾಗದಲ್ಲಿ ಬಹಳಷ್ಟು ಭದ್ರಾ ಅಚ್ಚುಕಟ್ಟು, ಅಂದರೆ ಭದ್ರಾ ನಾಲೆಯ ನೀರು ಹರಿಯುವ ಜಮೀನು. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ. ನಮ್ಮ ಕಡೆ ರೈತರು ಆಗಸ್ಟ್ ಬಂದರೆ ದಿನಾ ಬೆಳಗ್ಗೆ ಪೇಪರ್‌ನಲ್ಲಿ ಮೊದಲು ನೋಡುವುದು ಆ ಲೆಕ್ಕ. ಡ್ಯಾಂ ತುಂಬಿದ ವರ್ಷ ಎರಡು ಬೆಳೆ ಭತ್ತ, ತುಂಬದಿದ್ದರೆ ಒಂದೇ. ದಾವಣಗೆರೆ, ಹರಿಹರ ನಾಲೆಯ ಕೊನೆ ಭಾಗ. ಮೇಲಿನವರು ಬಿಟ್ಟಷ್ಟು ನಮಗೆ. ಅದಕ್ಕೇ "ಚಾನಲ್ ಪಕ್ಕದ ಗದ್ದೆ" ಅಂದ ಕೂಡಲೇ ನೀರು ಗ್ಯಾರಂಟಿ ಅಂದುಕೊಳ್ಳಬೇಡಿ. ಬೇಸಿಗೆ ಬೆಳೆಗೆ ನೀರು ಬಿಟ್ಟಿರುವ ಹೊತ್ತಿನಲ್ಲಿ ಹೋಗಿ ತೂಬಿನ ಹತ್ತಿರ ನಿಂತು ನೋಡಿ. ಹೊಲಗಾಲುವೆ ನಿಮ್ಮ ಗದ್ದೆ ಮುಟ್ಟುವ ಮುಂಚೆ ಯಾರ್ಯಾರ ಗದ್ದೆ ದಾಟುತ್ತದೆ ಅಂತ ನಡೆದು ನೋಡಿ.

ನಾವು ಹಾಗೇ ಮಾಡಿದೆವು. ತೋರಿಸಿದ ಗದ್ದೆ ಎರೆ ಮಣ್ಣು. ಬದುವಿನ ಮೇಲೆ ನಡೆದರೆ ಚಪ್ಪಲಿಗೆ ಅರ್ಧ ಇಂಚು ಮೆತ್ತಿಕೊಳ್ಳುತ್ತಿತ್ತು. ನಮ್ಮ ಹುಡುಗ, ಅದೇ ನನ್ನ ಹೆಂಡತಿಯ ತಮ್ಮ, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದ. ಆ ಮಣ್ಣು ಭತ್ತಕ್ಕೆ ಬಂಗಾರ. ಮನೆಗೆ ಅಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪಾಯ ಗಟ್ಟಿ ಮಣ್ಣು ಸಿಗುವವರೆಗೂ ಇಳಿಯಬೇಕು, ಇಲ್ಲದಿದ್ದರೆ ನಾಲ್ಕೇ ವರ್ಷದಲ್ಲಿ ಗೋಡೆ ಸೀಳು. ಸೈಟಿನ ಬೆಲೆ ಕಟ್ಟುವಾಗ ಈ ಖರ್ಚನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ತೊಡಕು ಪರಿವರ್ತನೆಯದು. ಅಚ್ಚುಕಟ್ಟಿನ ಗದ್ದೆಗೆ ನೀರಾವರಿಯವರ ಅಭಿಪ್ರಾಯ ಕೇಳುತ್ತಾರೆ. ನಾಲೆಯ ಜಾಗ, ಹೊಲಗಾಲುವೆಯ ಜಾಗ ಬಿಡಬೇಕು. ಖುಷ್ಕಿ, ಅಂದರೆ ಮಳೆ ನಂಬಿದ ಹೊಲದಷ್ಟು ಸಲೀಸಲ್ಲ. ಸಲೀಸಾಗಿಯೂ ಇರಬಾರದು ಅನ್ನುವುದು ನನ್ನ ಮಾತು. ಅರವತ್ತು ವರ್ಷದಿಂದ ಸರ್ಕಾರ ನೀರು ಹರಿಸಿದ ಗದ್ದೆಗೆ ಜಲ್ಲಿ ಸುರಿದು ಕಲ್ಲು ನೆಡುವುದನ್ನು ನೋಡಿದರೆ ಸಂಕಟ ಆಗುತ್ತದೆ. ಭತ್ತ ಬೆಳೆಯುವ ಮನಸ್ಸಿದ್ದು ತಗೊಂಡರೆ ಈ ಗದ್ದೆಗಿಂತ ಒಳ್ಳೆಯದು ಸಿಗುವುದಿಲ್ಲ. ಸೈಟು ಮಾಡುವುದೊಂದೇ ಉದ್ದೇಶವಾದರೆ ದುಡ್ಡೂ ಜಾಸ್ತಿ, ತೊಡಕೂ ಜಾಸ್ತಿ.

ಆನಗೋಡು, ಹೆಬ್ಬಾಳು ಕಡೆಯ ಖುಷ್ಕಿ

ಚಿತ್ರದುರ್ಗದ ಕಡೆ ಹೊರಟರೆ ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಮೆಕ್ಕೆಜೋಳ ಶುರುವಾಗುತ್ತದೆ. ಮಳೆ ನಂಬಿದ ಹೊಲಗಳು, ಅಲ್ಲಲ್ಲಿ ಕೊಳವೆಬಾವಿ ಅಡಿಕೆ. ಬೆಲೆ ಹರಿಹರದ ಕಡೆಗಿಂತ ಎಷ್ಟೋ ಕಡಿಮೆ. ಅಷ್ಟೇ ದುಡ್ಡಿಗೆ ಗದ್ದೆ ಕಡೆ ಅರ್ಧ ಎಕರೆ ಸಿಕ್ಕರೆ ಇಲ್ಲಿ ಒಂದೂವರೆ, ಎರಡು ಕೇಳಬಹುದು. ಹೆದ್ದಾರಿಯಂತೂ ಇದೆ. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗ ಮೇಲೆ ದಾವಣಗೆರೆಗೆ ಬರುವ 191 ಕಿಲೋಮೀಟರ್ ರೈಲು ಮಾರ್ಗದ ಕೆಲಸ ನಡೆಯುತ್ತಿದೆ. ಅದು ಮುಗಿದರೆ ಅರಸೀಕೆರೆ ಸುತ್ತಿ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ. 'ಅಂತೆ'ಗೂ ಇದಕ್ಕೂ ವ್ಯತ್ಯಾಸ ಇದೆ ನೋಡಿ. ಇಲ್ಲಿ ಭೂಸ್ವಾಧೀನದ ಕಲ್ಲು ನೆಟ್ಟಿದ್ದಾರೆ, ಮಣ್ಣು ಏರಿಸಿದ್ದಾರೆ, ಹೋಗಿ ಮುಟ್ಟಿ ನೋಡಬಹುದು.

ಹಾಗಂತ ಹೆದ್ದಾರಿಗೇ ಅಂಟಿದ ಹೊಲಕ್ಕೆ ಬೀಳಬೇಡಿ. ಹೆದ್ದಾರಿ ಅಂಚಿನಲ್ಲಿ ಕಟ್ಟಡಕ್ಕೆ ಇಷ್ಟು ಅಂತರ ಬಿಡಬೇಕು ಅಂತ ನಿಯಮ ಇದೆ. ಮತ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಆ ಅಂಚೇ. ಸರ್ವಿಸ್ ರಸ್ತೆ ಇಲ್ಲದ ಕಡೆ ಹೆದ್ದಾರಿಯಿಂದ ನೇರ ಹೊಲಕ್ಕೆ ಇಳಿಯಲು ಅನುಮತಿಯೂ ಬೇರೆ ಬೇಕು. ಒಂದೆರಡು ಕಿಲೋಮೀಟರ್ ಒಳಗೆ, ಹಳ್ಳಿಯ ಡಾಂಬರು ರಸ್ತೆಗೆ ಮುಖ ಮಾಡಿದ ಹೊಲ ನನ್ನ ಕಣ್ಣಿಗೆ ಎಷ್ಟೋ ಮೇಲು.

ಇಲ್ಲಿ ದೊಡ್ಡ ಪ್ರಶ್ನೆ ನೀರು. ಮಾರುವವರು ಬೋರ್ ತೋರಿಸಿ "ಎರಡೂವರೆ ಇಂಚು ನೀರು" ಅನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ಎಲ್ಲ ಬೋರೂ ನಗುತ್ತಿರುತ್ತದೆ. ಏಪ್ರಿಲ್‌ನಲ್ಲಿ ಹೋಗಿ. ಮೋಟರ್ ಹಾಕಿಸಿ ಒಂದು ಗಂಟೆ ಅಲ್ಲೇ ಕೂತುಕೊಳ್ಳಿ. ಆನಗೋಡಿನ ಹತ್ತಿರ ನಾವು ನೋಡಿದ ಒಂದು ಬೋರು ಮೊದಲ ಹತ್ತು ನಿಮಿಷ ಪೈಪ್ ತುಂಬಾ ಬಂತು. ಇಪ್ಪತ್ತನೇ ನಿಮಿಷಕ್ಕೆ ಗಾಳಿ ಮಿಶ್ರ ಆಗಿ ಗೊರಗೊರ ಅಂತು. ಆಮೇಲೆ ಕೆಂಪು ನೀರು, ಆಮೇಲೆ ಬರೀ ಸದ್ದು. ಹೊಲದವರು ತಾವೇ ಹೋಗಿ ಸ್ಟಾರ್ಟರ್ ಆಫ್ ಮಾಡಿದರು. ಒಳ್ಳೆಯ ಜನ, ಸುಳ್ಳು ಹೇಳಲಿಲ್ಲ. "ಮಾಘ ಮಾಸ ಕಳೆದರೆ ಇಷ್ಟೇ ಸಾಮಿ" ಅಂದರು. ಆ ಹೊಲ ಮೆಕ್ಕೆಜೋಳಕ್ಕೆ, ತೊಗರಿಗೆ ಸಾಕು. ತೋಟಕ್ಕೆ ಸಾಲದು. ಬೆಲೆಯೂ ಅದಕ್ಕೆ ತಕ್ಕ ಹಾಗೇ ಇರಬೇಕು, ಅಲ್ವಾ?

ತೋಳಹುಣಸೆ ಕಡೆ

ವಿಶ್ವವಿದ್ಯಾಲಯದ ಸುತ್ತ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಆದಾಗಿನಿಂದ ಇಲ್ಲಿ ಬಾಡಿಗೆ ಮನೆ, ಪಿಜಿ, ಹೋಟೆಲ್ ನಡೆಯುತ್ತವೆ. ಈ ಭಾಗದ ಒಳ್ಳೆಯ ತುಂಡುಗಳೆಲ್ಲ ಒಂದೆರಡು ಸಲ ಕೈ ಬದಲಾಗಿ ಆಗಿದೆ. ಈಗ ಕೊಳ್ಳುವವರು ಹಿಂದಿನವರ ಲಾಭವನ್ನೂ ಸೇರಿಸಿ ಕೊಡುತ್ತಾರೆ. ಚಿಕ್ಕ ತುಂಡು, ರಸ್ತೆಗೆ ಮುಖ, ಈಗಾಗಲೇ ಪರಿವರ್ತನೆ ಆಗಿದೆ ಅಂದರೆ ಮಾತ್ರ ಯೋಚಿಸಿ.

ಚಿತ್ರದುರ್ಗ, ಚಳ್ಳಕೆರೆ, ಜಗಳೂರು

"ಅಗ್ಗ ಇದೆ, ಹತ್ತು ಎಕರೆ ಹಾಕಿಬಿಡು" ಅಂತ ಅವನ ಸ್ನೇಹಿತರು ಹೇಳಿದ್ದರಂತೆ. ನಾನು ಚಳ್ಳಕೆರೆಯ ಉದಾಹರಣೆ ಕೊಟ್ಟೆ. ಅಲ್ಲಿನ ಅಮೃತ್ ಮಹಲ್ ಕಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಕೊಟ್ಟರು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಇಸ್ರೋ, ಅಣು ಸಂಶೋಧನೆಯ ಬಾರ್ಕ್ ಕೂಡ ಜಾಗ ತಗೊಂಡವು. ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯೂ ಆಯಿತು. ವಿಜ್ಞಾನ ನಗರಿ ಅಂತ ಹೆಸರು ಬಂತು. ಆದರೆ ಸುತ್ತ ಎತ್ತರದ ಗೋಡೆ ಹಾಕಿಕೊಂಡ ಸಂಸ್ಥೆ ಪಕ್ಕದಲ್ಲಿ ಊರು ಬೆಳೆಸುವುದಿಲ್ಲ. ಕುರಿ, ದನ ಮೇಯುತ್ತಿದ್ದ ಕಾವಲು ಹೋಗಿ ಹಳ್ಳಿಯವರಿಗೆ ತೊಂದರೆ ಆಗಿದ್ದು ನಿಜ. ಊರು ಬೆಳೆಸುವುದು ಸಂತೆ, ಕಾಲೇಜು, ಆಸ್ಪತ್ರೆ, ಬಸ್ಸು. ದಾವಣಗೆರೆಗೆ ಅವು ಇವೆ.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಬಂದರೆ ಚಿತ್ರದುರ್ಗ, ಜಗಳೂರಿನ ಬಯಲಿಗೆ ಜೀವ ಬರುತ್ತದೆ. ಆ ಜನ ದಶಕಗಳಿಂದ ಕಾದಿದ್ದಾರೆ, ಬೇಗ ಬರಲಿ. ಆದರೆ ಅದು ಬೇಸಾಯದ ಆಸೆ, ಸೈಟಿನ ಆಸೆ ಅಲ್ಲ.

ಸೈಟು: ಲೇಔಟೋ, ರೆವಿನ್ಯೂನೋ

ಕೈಯಲ್ಲಿ ದುಡ್ಡು ಕಡಿಮೆ, ಹೊಲ ನೋಡಿಕೊಳ್ಳಲು ಊರಲ್ಲಿ ಯಾರೂ ಇಲ್ಲ ಅನ್ನುವವರಿಗೆ ದೂಡಾ ಒಪ್ಪಿಗೆ ಇರುವ ಲೇಔಟಿನ ಒಂದು ಸೈಟೇ ಸರಿ. 500 ಚದರ ಮೀಟರ್ ದಾಟಿದ ಲೇಔಟ್ ಆಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇದೆಯೋ ಇಲ್ಲವೋ ಅಂತ ರೇರಾ ವೆಬ್‌ಸೈಟ್‌ನಲ್ಲೇ ನೋಡಬಹುದು. ಸೈಟು ನೋಡಿಕೊಳ್ಳಲು ಬೇಲಿ ಹಾಕಿದರೆ ಸಾಕು. ಕೊಳ್ಳಲು ಬ್ಯಾಂಕ್ ಸಾಲವೂ ಸಿಗುತ್ತದೆ. ಕೃಷಿ ಜಮೀನಿಗೆ ಮನೆ ಸಾಲ ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ರೆವಿನ್ಯೂ ಸೈಟು ಬೇಡವೇ ಬೇಡ. ಪರಿವರ್ತನೆ ಆಗದ ಹೊಲಕ್ಕೆ ಸುಣ್ಣದ ಗೆರೆ ಎಳೆದು ಗುಂಟೆ ಲೆಕ್ಕದಲ್ಲಿ ಮಾರುವುದು ಅದು. ಒಂದು ಗುಂಟೆ ಅಂದರೆ 1,089 ಚದರ ಅಡಿ. "ಬಿ ಖಾತಾ ಆಗುತ್ತೆ, ಸರ್ಕಾರ ಸಕ್ರಮ ಮಾಡುತ್ತೆ" ಅನ್ನುತ್ತಾರೆ. ಬಿ ಖಾತಾ ಅಂದರೆ ನಿಯಮ ಮೀರಿದ ಆಸ್ತಿಗೆ ಕೊಡುವ ಬೇರೆ ಖಾತೆ. ಹಿಂದೆ ಆಗಿ ಹೋದದ್ದಕ್ಕೆ ಅದನ್ನು ಕೊಟ್ಟಿದ್ದನ್ನು ನಂಬಿ ಹೊಸದಾಗಿ ಅದೇ ಗುಂಡಿಗೆ ಬೀಳುವುದು ಬೇಡ. ಈಗ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಇಲ್ಲದೆ ಸೈಟಿನ ನೋಂದಣಿಯೇ ಆಗುವುದಿಲ್ಲ.

ಇನ್ನು ಒಂದು ಎಕರೆ ಕೊಂಡು ತಾವೇ ಲೇಔಟ್ ಮಾಡುವ ಕನಸಿದ್ದರೆ ಈ ಲೆಕ್ಕ ಹಾಕಿ. ಎಕರೆಗೆ 43,560 ಚದರ ಅಡಿ. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗ ಬಿಟ್ಟರೆ ಕೈಗೆ ಉಳಿಯುವುದು ಸುಮಾರು ಅರ್ಧ. ಅಂದರೆ 30-40ರ ಸೈಟು ಹದಿನೆಂಟು. ಅದರಿಂದ ರಸ್ತೆ, ಚರಂಡಿ, ಕರೆಂಟು, ನೀರಿನ ಟ್ಯಾಂಕಿನ ಖರ್ಚು ಕಳೆಯಿರಿ. ಮೂವತ್ತಾರು ಸೈಟು ಅಂದುಕೊಂಡು ಸಾಲ ಮಾಡಿದವರನ್ನು ನೋಡಿದ್ದೇನೆ.

ತೆರಿಗೆಯ ಒಂದು ಗೆರೆ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಳ್ಳಿಯ ಕೃಷಿ ಜಮೀನು ಮಾರಿದರೆ ಬರುವ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಯಾವುದು ಹಳ್ಳಿಯದು? ಜನಸಂಖ್ಯೆ 1 ಲಕ್ಷದಿಂದ 10 ಲಕ್ಷದೊಳಗಿನ ಊರಾದರೆ ಅದರ ಗಡಿಯಿಂದ ನೇರ ಗೆರೆಯಲ್ಲಿ 6 ಕಿಲೋಮೀಟರ್ ಆಚೆ ಇರಬೇಕು. 2011ರ ಜನಗಣತಿಯಲ್ಲಿ ದಾವಣಗೆರೆಯದು 4.35 ಲಕ್ಷ. ಹಾಗಾಗಿ ಪಾಲಿಕೆ ಗಡಿಯಿಂದ 6 ಕಿಲೋಮೀಟರ್ ಒಳಗಿನ ಗದ್ದೆಯನ್ನು ನಾಳೆ ಮಾರಿದರೆ ತೆರಿಗೆ ಬೀಳುತ್ತದೆ, ಏಳನೇ ಕಿಲೋಮೀಟರಿನ ಹೊಲಕ್ಕೆ ಇಲ್ಲ. ದಾವಣಗೆರೆ-ಹರಿಹರದ ನಡುವೆ ಈ ಗೆರೆಯ ಹೊರಗೆ ಉಳಿಯುವ ಜಾಗ ಬಹಳ ಕಡಿಮೆ. ಆನಗೋಡು ಆಚೆ ಬೇಕಾದಷ್ಟಿದೆ. ಎಲ್ಲಕ್ಕಿಂತ ಮುಖ್ಯ, ಅದು ಕೃಷಿ ಜಮೀನಾಗಿಯೇ ಇರಬೇಕು. ಪರಿವರ್ತನೆ ಮಾಡಿಸಿದ ಮೇಲೆ ಈ ವಿನಾಯಿತಿ ಹೋಯಿತು.

ಪತ್ರ: ನಾನು ಎಡವಿದ್ದು ಇಲ್ಲೇ

ಸುಮಾರು ಹದಿನೈದು ವರ್ಷದ ಹಿಂದೆ ನಾವೂ ಒಂದು ಎಕರೆ ಇಪ್ಪತ್ತು ಗುಂಟೆ ತಗೊಂಡಿದ್ದೆವು. ಪಹಣಿಯಲ್ಲಿ, ಅಂದರೆ ಜಮೀನಿನ ಹಕ್ಕಿನ ದಾಖಲೆಯಲ್ಲಿ, ಅಣ್ಣತಮ್ಮ ಇಬ್ಬರ ಹೆಸರು. ಇಬ್ಬರೂ ಸಹಿ ಹಾಕಿದರು. ಅವರಿಗೆ ಮೂವರು ಅಕ್ಕತಂಗಿಯರು ಇದ್ದಾರೆ ಅಂತ ಊರಿಗೆಲ್ಲ ಗೊತ್ತು. ನಾವು ಕೇಳಲೇ ಇಲ್ಲ. ಎರಡನೇ ವರ್ಷ ಕೋರ್ಟಿನಿಂದ ನೋಟಿಸ್ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, 2005ರ ತಿದ್ದುಪಡಿ ಇಡೀ ದೇಶಕ್ಕೆ ಅದನ್ನು ಹೇಳಿದೆ. ಅವರು ಕೇಳಿದ್ದು ನ್ಯಾಯವೇ. ಆರು ವರ್ಷ ಓಡಾಡಿ, ಆಮೇಲೆ ಕೂತು ಮಾತಾಡಿ, ಅವರ ಪಾಲಿನ ದುಡ್ಡನ್ನು ಕೊಟ್ಟು ರಾಜಿ ಮಾಡಿಕೊಂಡೆವು. ಆ ಹೆಣ್ಣುಮಕ್ಕಳಲ್ಲಿ ದೊಡ್ಡವರು ರಾಜಿಯ ದಿನ ನನ್ನ ಹೆಂಡತಿಗೆ ಹೇಳಿದ ಮಾತು ಇನ್ನೂ ನೆನಪಿದೆ: "ಆವತ್ತೇ ಕರೆದಿದ್ರೆ ಆವತ್ತೇ ಬಂದು ಸಹಿ ಹಾಕ್ತಿದ್ದೆವ್ವ."

ಅದಕ್ಕೇ ಈಗ ನಾನು ಮೊದಲು ಕೇಳುವುದು ವಂಶವೃಕ್ಷ. ಮಾರುವವರ ಅಪ್ಪನಿಗೆ ಎಷ್ಟು ಮಕ್ಕಳು, ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟಿದ್ದಾರೆ. ನಾಡಕಚೇರಿಯ ಕಾಗದದಲ್ಲಿ ಇದ್ದರೂ ಊರಲ್ಲಿ ಒಂದು ಮಾತು ವಿಚಾರಿಸುತ್ತೇನೆ. ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ದುಡ್ಡೂ ಅವರವರ ಖಾತೆಗೇ ಹೋಗಬೇಕು.

ಎರಡನೆಯದು, ಪಹಣಿಯ 9, 10, 11, 12ನೇ ಕಾಲಂ. ಮಾಲೀಕರ ಹೆಸರು ಎಲ್ಲರೂ ನೋಡುತ್ತಾರೆ. ಜಮೀನು ಅವರಿಗೆ ಹೇಗೆ ಬಂತು ಅನ್ನುವ 10ನೇ ಕಾಲಂ, ಸಾಲ ಮತ್ತು ಋಣ ತೋರಿಸುವ 11ನೇ ಕಾಲಂ ಸರಿಯಾಗಿ ನೋಡುವವರು ಕಡಿಮೆ. ಅಲ್ಲಿ 'ಮಂಜೂರು', 'ದರಖಾಸ್ತು' ಅಂತೇನಾದರೂ ಕಂಡರೆ ಅಲ್ಲೇ ನಿಲ್ಲಿ, ಅದು ಸರ್ಕಾರ ಕೊಟ್ಟ ಜಮೀನು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವ ಹಾಗಿಲ್ಲ. ಇದು 1978ರ ಪಿಟಿಸಿಎಲ್ ಕಾಯ್ದೆ. 2023ರ ತಿದ್ದುಪಡಿ ಆದ ಮೇಲೆ ಎಷ್ಟೇ ವರ್ಷ ಕಳೆದಿದ್ದರೂ ಮೂಲ ಮಂಜೂರಿದಾರರ ಮನೆಯವರು ಜಮೀನು ವಾಪಸ್ ಕೇಳಬಹುದು. ಕೇಳಲಿ, ಅವರ ಬದುಕಿಗೆ ಕೊಟ್ಟ ಭೂಮಿ ಅದು. ನಾವು ತಗೊಳ್ಳದಿರುವುದೇ ಸರಿ. ಬಗರ್ ಹುಕುಂನಲ್ಲಿ, ಅಂದರೆ ಅನುಮತಿ ಇಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನಿಗೆ, ಫಾರಂ 50, 53, 57 ಹಾಕಿ ಸಕ್ರಮ ಮಾಡಿಸಿಕೊಂಡ ಜಮೀನಿಗೂ ಮಾರಾಟದ ಷರತ್ತು ಇರುತ್ತದೆ. ಮಂಜೂರಾದಾಗ ಕೊಡುವ ಸಾಗುವಳಿ ಚೀಟಿ ತರಿಸಿ ಓದಿ.

ಮೂರನೆಯದು ದಾರಿ. "ಎಲ್ಲರೂ ಇಲ್ಲೇ ಓಡಾಡ್ತಾರೆ ಸಾಮಿ" ಅನ್ನುವ ದಾರಿ ಬೇರೆ, ನಕಾಶೆ ಕಂಡ ದಾರಿ ಬೇರೆ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿಯ ಗೆರೆ ಇದೆಯಾ ನೋಡಿ. ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತರೆ ಸರ್ವೆ ನಂಬರು ತೋರಿಸುತ್ತದೆ. ನಮಗೆ ತೋರಿಸಿದ ಒಂದು ಹೊಲದ ಅರ್ಧ ಭಾಗ ಪಕ್ಕದ ಸರ್ವೆ ನಂಬರಿನಲ್ಲಿತ್ತು. ಅದು ಅಂದಾಜಿಗೆ ಮಾತ್ರ. ನಿಜವಾದ ಅಳತೆಗೆ 11ಇ ನಕ್ಷೆ, ಅಂದರೆ ಮಾರುವ ತುಂಡನ್ನು ಸರ್ವೆಯವರು ಅಳೆದು ಕೊಡುವ ನಕ್ಷೆ, ಆಗಬೇಕು. ದೊಡ್ಡ ಸರ್ವೆ ನಂಬರಿನಲ್ಲಿ ಒಂದು ತುಂಡು ಕೊಳ್ಳುವುದಾದರೆ ಅದಿಲ್ಲದೆ ನೋಂದಣಿಯೇ ಇಲ್ಲ. ಅಳತೆಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟು ಅನ್ನುವುದೂ ಗೊತ್ತಾಗುತ್ತದೆ. ಬಿ ಖರಾಬು ಅಂದರೆ ಹಳ್ಳ, ದಾರಿ, ಸಾರ್ವಜನಿಕರದ್ದು. ಅದಕ್ಕೆ ದುಡ್ಡು ಕೊಡಬೇಡಿ.

ಇಸಿ (ಋಣಭಾರ ಪತ್ರ), ಮ್ಯುಟೇಷನ್ (ಹಕ್ಕು ಬದಲಾವಣೆ) ಎಲ್ಲ ವಕೀಲರು ನೋಡುತ್ತಾರೆ. ಖರ್ಚಿನ ಬಗ್ಗೆ ಒಂದು ಮಾತು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ ಶೇ. 7.6 ಹತ್ತಿರ ಆಗುತ್ತದೆ. ಅದನ್ನು ಉಳಿಸಲು ಕಡಿಮೆ ಬೆಲೆ ತೋರಿಸೋಣ ಅನ್ನುತ್ತಾರೆ. ಬೇಡ. ನಾಳೆ ರಸ್ತೆಗೋ ರೈಲಿಗೋ ಜಮೀನು ಹೋದರೆ ಪರಿಹಾರಕ್ಕೆ ನೋಡುವುದು ಮಾರ್ಗಸೂಚಿ ಬೆಲೆ ಮತ್ತು ಸುತ್ತಲಿನ ಕ್ರಯಪತ್ರಗಳ ಬೆಲೆಯನ್ನೇ. ನೀವು ಕಡಿಮೆ ಬರೆಸಿದರೆ ಪಕ್ಕದ ರೈತನ ಪರಿಹಾರವೂ ಕಡಿಮೆ ಆಗುತ್ತದೆ.

ಕೊಂಡ ಮೇಲೆ ಯಾರು ನೋಡಿಕೊಳ್ಳುತ್ತಾರೆ?

ಬೆಂಗಳೂರಿನಲ್ಲಿ ಕೂತವರು ಇದನ್ನು ಕೊನೆಗೆ ಯೋಚಿಸುತ್ತಾರೆ. "ಲಾವಣಿಗೆ ಹಾಕಿದರಾಯ್ತು" ಅಂದ ನಮ್ಮ ಹುಡುಗ. ಅಂದರೆ ಗೇಣಿಗೆ ಕೊಡುವುದು. 1974ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಗೇಣಿ ಕೊಡುವುದಕ್ಕೇ ಕಾನೂನಿನ ಒಪ್ಪಿಗೆ ಇಲ್ಲ. ಊರಲ್ಲಿ ಬಾಯಿಮಾತಿನ ಮೇಲೆ ನಡೆಯುತ್ತದೆ, ನಿಜ. ಆದರೆ ನಂಬಿಕೆ ಕೆಟ್ಟ ದಿನ ಇಬ್ಬರ ಕೈಯಲ್ಲೂ ಕಾಗದ ಇರುವುದಿಲ್ಲ. ಕೂಲಿ ಕೊಟ್ಟು ತಾವೇ ಬೇಸಾಯ ಮಾಡಿಸಬೇಕು, ಬೆಳೆ ಸಮೀಕ್ಷೆಯಲ್ಲಿ ತಮ್ಮ ಹೆಸರು ಬರುವ ಹಾಗೆ ನೋಡಿಕೊಳ್ಳಬೇಕು. ವರ್ಷಕ್ಕೆ ನಾಲ್ಕು ಸಲ ಬರಲು ಆಗದವರು ಹೊಲ ತಗೊಳ್ಳುವುದು ಬೇಡ, ಸೈಟಿಗೆ ಹೋಗಲಿ. ಪಾಳು ಬಿಟ್ಟ ಹೊಲದ ಬದು ಪ್ರತಿ ವರ್ಷ ಒಂದೊಂದು ಸಾಲು ಒಳಗೆ ಬರುತ್ತದೆ.

ನಮ್ಮ ಹುಡುಗ ಬರುತ್ತೇನೆ ಅಂದಿದ್ದಾನೆ. ಅವನು ಕೊನೆಗೆ ಒಪ್ಪಿಕೊಂಡಿದ್ದು ಆನಗೋಡಿನಿಂದ ಮೂರು ಕಿಲೋಮೀಟರ್ ಒಳಗಿನ ಎರಡು ಎಕರೆ ಹತ್ತು ಗುಂಟೆ ಖುಷ್ಕಿ. ಕೆಂಪು ಮಣ್ಣು, ಹಳ್ಳಿ ರಸ್ತೆಗೆ ಮುಖ, ಬೋರು ಇಲ್ಲ. ಮಾರುವವರ ಇಬ್ಬರು ಹೆಣ್ಣುಮಕ್ಕಳೂ ಬಂದು ಮಾತಾಡಿ ಹೋಗಿದ್ದಾರೆ. 11ಇ ನಕ್ಷೆಗೆ ಅರ್ಜಿ ಹಾಕಿದ್ದೇವೆ. ಮೂರು ಮೂಲೆಯ ಬಾಂದುಕಲ್ಲು ಸಿಕ್ಕಿವೆ. ನಾಲ್ಕನೆಯದು ಹಳ್ಳದ ಕಡೆ ಮಣ್ಣಲ್ಲಿ ಹೂತಿರಬೇಕು ಅನ್ನುತ್ತಾರೆ. ಸರ್ವೆಯವರು ಬರುವ ದಿನ ರಜೆ ಹಾಕಿ ಬಾ, ಆ ಕಲ್ಲು ಸಿಗುವವರೆಗೂ ಅಡ್ವಾನ್ಸ್ ಬೇಡ ಅಂತ ಹೇಳಿದ್ದೇನೆ.